ಇಂದುಬಾಯಿ ಪಣ ಏರಿಸಿದಾಗ

ಯಂಕಂಚಿಯ ಇಂದುಬಾಯಿ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕುವವಳಲ್ಲ. ಪೂಜೆ ಮುಗಿಸಿ, ಲಿಂಗದ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು, ಅದನ್ನೊಮ್ಮೆ ಮುಟ್ಟಿ "ನೀನ ನೋಡಪಾ" ಎನ್ನುತ್ತಾಳೆ.

ನಾಗರಪಂಚಮಿಗೆ ಅವಳ ಪಡಸಾಲೆಯಲ್ಲಿ ಓಣಿಯ ಹೆಂಗಸರು ಮೂರೆಲೆ ಇಸ್ಪೀಟು ಆಡುತ್ತಾರೆ. ಪಣಕ್ಕೆ ಹುಣಸೆಬೀಜ. ಮೊದಲು ಬೀಜ ಖಾಲಿಯಾದವಳು ಎಲ್ಲರಿಗೂ ರೊಟ್ಟಿ ಬಡಿಯಬೇಕು. ಉಳಿದವರು ಜೋಕಾಲಿಗೆ ಹೋಗುತ್ತಾರೆ. ಇಂದುಬಾಯಿ ಜೋಕಾಲಿ ಏರಿ ಎಷ್ಟೋ ವರ್ಷವಾಗಿತ್ತು.

ಎಲೆ ಚಲೋ ಬಂದಾಗಷ್ಟೇ ಅವಳು ಪಣ ಏರಿಸುವಳು. ಏರಿಸಿದ್ದೇ ತಡ, ಉಳಿದವರೆಲ್ಲ ಎಲೆ ಒಗೆದುಬಿಡುವರು. ಗೆದ್ದರೂ ಸಿಗುವುದು ನಾಲ್ಕೇ ಬೀಜ. ಯಾರೋ ತನ್ನ ಎಲೆ ಕದ್ದು ನೋಡುತ್ತಿದ್ದಾರೆಂದು ಅವಳಿಗೆ ಗುಮಾನಿ. ಬೆನ್ನ ಹಿಂದೆ ಹೊಳೆಯುತ್ತಿದ್ದ ಸ್ಟೀಲಿನ ಕೊಡವನ್ನು ಒಳಗಿಟ್ಟು ಬಂದಳು. ಗೋಡೆಗೆ ಒರಗಿ ಕೂತಳು. ನಾದಿನಿ ಭಾಗ್ಯಜ್ಯೋತಿಯ ಕಣ್ಣು ಎತ್ತ ಹೊರಳುತ್ತದೆಂದು ಕಾದಳು.

"ಯಾಕ ವೈನಿ, ನನ್ನ ಮಾರಿ ಮ್ಯಾಲ ಎಕ್ಕಾ ಬರದೈತೇನು?" ಎಂದು ನಾದಿನಿ ನಕ್ಕಳು.

ಇಂದುಬಾಯಿಯ ಬಳಿ ಕೊನೆಯ ಹಿಡಿ ಬೀಜ ಉಳಿದಾಗ, ಆಟಕ್ಕೆ ಕೂರದೆ ನೋಡುತ್ತಿದ್ದ ನೆರೆಮನೆಯ ನಸ್ರೀನ ಅವಳ ಕಿವಿಯಲ್ಲಿ ಉಸುರಿದಳು: "ಕಾಕು, ನಿಮ್ಮ ಎಲಿ ಯಾರೂ ನೋಡಾಕತ್ತಿಲ್ರಿ. ಚಲೋ ಎಲಿ ಬಂದ್ರ ನೀವು ಕರಡಿಗಿ ಮುಟ್ತೀರಿ, ಎಲ್ಲಾರಿಗೂ ಗೊತ್ತೈತಿ. ಈ ಸಲ ಕೆಟ್ಟ ಎಲಿ ಇದ್ರೂ ಮುಟ್ಟಿ ಏರಸ್ರಿ. ಅಂಜಿ ಒಗೀತಾರ."

ಆ ಸಲ ಬಂದ ಎಲೆ ನಿಜಕ್ಕೂ ಕೆಟ್ಟವೇ ಆಗಿದ್ದವು. ಇಂದುಬಾಯಿಯ ಬೆರಳು ಕೊರಳತನಕ ಹೋಯಿತು. ಭಾಗ್ಯಜ್ಯೋತಿಯ ಕಣ್ಣು ಆ ಬೆರಳ ಮೇಲೆಯೇ ಇತ್ತು. ಬೆರಳು ಅಲ್ಲೇ ನಿಂತಿತು.

"ಬ್ಯಾಡವಾ ನಸ್ರೀನಾ," ಎಂದು ಅವಳು ಎಲೆಯನ್ನೂ ಉಳಿದ ಬೀಜವನ್ನೂ ಕೆಳಗಿಟ್ಟಳು. "ಶಿವನ್ನ ಸುಳ್ಳಿಗೆ ಸಾಕ್ಷಿ ಮಾಡಾಕ ಆಗಂಗಿಲ್ಲ. ಆ ಹಿಟ್ಟಿನ ಡಬ್ಬಿ ಇತ್ತಾಗ ಕೊಡು."