ಉಪವಾಸ ಬೇಕಿಲ್ಲದ ಅಂಕಿ

ಗಂಗವ್ವನ ಸೊಂಟದ ಸುತ್ತಳತೆ 96 ಸೆಂಟಿಮೀಟರ್. ಟೇಪನ್ನು ಎರಡು ಸಲ ಸುತ್ತಿ ನೋಡಿ ಬರೆದುಕೊಂಡೆ.

2004ರ ಶ್ರಾವಣ. ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ, ವೈದ್ಯಕೀಯ ಕಾಲೇಜೊಂದರ ಸಮೀಕ್ಷೆಗೆ ಸಂಶೋಧನಾ ಸಹಾಯಕಿಯಾಗಿ ಸೇರಿ ಐದು ತಿಂಗಳಾಗಿತ್ತು. ಇಂಡಿ, ಸಿಂದಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ರಕ್ತ ಸಂಗ್ರಹಿಸುತ್ತಿದ್ದೆವು. ಹೊಟ್ಟೆಯ ಬೊಜ್ಜು, ರಕ್ತದೊತ್ತಡ, ಸಕ್ಕರೆ, ಕೊಬ್ಬು ಒಟ್ಟಾಗಿ ಏರುಪೇರಾಗುವುದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಮೈಯೊಳಗೆ ಉರಿಯೂತವಿದ್ದಾಗ ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ಇವೆರಡೂ ಜೊತೆಯಾಗಿ ಏರುತ್ತವೆಯೇ ಎಂಬುದು ನಮ್ಮ ಪ್ರಶ್ನೆ.

ಮೋರಟಗಿಯ ಗಂಗವ್ವ, ನಲವತ್ತೆಂಟು ವರ್ಷದ ಹೆಂಗಸು, ಸೋಮವಾರ ಬೆಳಿಗ್ಗೆ ಬಂದರು. ರಾತ್ರಿಯಿಂದ ಏನಾದರೂ ತಿಂದಿದ್ದೀರಾ ಎಂದು ಕೇಳಿದೆ.

"ಉಪಾಸ ಅದೀನ್ರಿ ಅಕ್ಕಾರ, ಶ್ರಾವಣ ಸ್ವಾಮಾರ."

ರಕ್ತ ತೆಗೆದೆ. ಹತ್ತಿ ಒತ್ತಿಕೊಂಡು ಏಳುವಾಗ ಅವರೇ ಹೇಳಿದರು: "ಮುಂಜಾನಿ ಸಾಬೂದಾಣಿ ಖಿಚಡಿ ಭಾಳ ಚಲೋ ಆಗಿತ್ತು. ನಿಮಗೂ ತರಬೇಕಿತ್ತ ನೋಡ್ರಿ."

ನಮ್ಮ ನರ್ಸ್ ರಜಿಯಾ ಹಣೆ ಬಡಿದುಕೊಂಡರು. "ಏ ಯವ್ವಾ, ದೇವರ ಉಪಾಸ ಬ್ಯಾರೆ, ಸೂಜಿ ಉಪಾಸ ಬ್ಯಾರೆ!"

"ದೇವರ ಒಪ್ತಾನ, ನಿಮ್ಮ ಸೂಜಿಗೇನ ಧಾಡಿ?"

ಎಲ್ಲರೂ ನಕ್ಕೆವು. ತಿಂದು ಬಂದವರ ಸಕ್ಕರೆ, ಟ್ರೈಗ್ಲಿಸರೈಡ್ ಕೊಬ್ಬಿನ ಅಂಕಿಗಳು ಸಮೀಕ್ಷೆಗೆ ಉಪಯೋಗವಿಲ್ಲ. ಆದ್ದರಿಂದ ರಿಜಿಸ್ಟರಿನಲ್ಲಿ ಅವರ ಇಡೀ ಸಾಲನ್ನೇ ಹೊಡೆದುಹಾಕುವುದು ನಮ್ಮ ಪದ್ಧತಿ. ಸಾಲು ಉಳಿದವರಿಗೆ ಮಾತ್ರ ವರದಿಯ ಕಾಗದ ಹೋಗುತ್ತಿತ್ತು.

ವಾರದ ನಂತರ ಗಂಗವ್ವನ ಸಿಆರ್‌ಪಿ ಬಂತು: ಲೀಟರಿಗೆ 7.8 ಮಿಲಿಗ್ರಾಂ. ಮೂರು ದಾಟಿದರೆ ಹೃದಯಕ್ಕೆ ಅಪಾಯ ಹೆಚ್ಚು. ರಕ್ತದೊತ್ತಡ 158/98. ಎರಡನ್ನೂ ನೋಡಿದೆ. ನೋಡಿಯೇ ಗೆರೆ ಎಳೆದೆ.

ಒಂದೂವರೆ ತಿಂಗಳ ಮೇಲೆ ಮತ್ತೆ ಮೋರಟಗಿಗೆ ಹೋದಾಗ ಅವರ ಮಗಳು ಬಂದು ನಿಂತಳು.

"ನಮ್ಮವ್ವನ ಕಾಗದ ಬರಲೇ ಇಲ್ರಿ. ಮಂದಿಗೆಲ್ಲಾ ಬಂತು. ಡಾಕ್ಟರ್ ಹಂತ್ಯಾಕ ಹೋಗೂಣ ನಡಿಯವ್ವಾ ಅಂದ್ರ, ಕಾಗದ ಬಂದಿಲ್ಲಂದ್ರ ನನಗೇನೂ ಆಗಿಲ್ಲ ಬಿಡ ಅಂತಿದ್ಲು." ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಹ್ವಾದ ಗುರುವಾರ ಎದಿ ಹಿಡಕೊಂಡ ಕುಂತಾಕಿ ಏಳಲಿಲ್ರಿ."

ಸಕ್ಕರೆಗೆ ಖಾಲಿ ಹೊಟ್ಟೆ ಬೇಕು. ಸಿಆರ್‌ಪಿಗೆ ಬೇಡ, ರಕ್ತದೊತ್ತಡಕ್ಕೂ ಬೇಡ. ಅದು ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಕಾಗದ ಹೋಗಿದ್ದರೆ ಅವರು ಬದುಕುತ್ತಿದ್ದರೆಂದು ಹೇಳಲಾರೆ. ಡಾಕ್ಟರ ಹತ್ತಿರವಂತೂ ಹೋಗುತ್ತಿದ್ದರು. ಸಮೀಕ್ಷೆಗೆ ಬೇಡವಾದ ಅಂಕಿ ಆ ಮನುಷ್ಯರಿಗೂ ಬೇಡವೆಂದು ತಿಳಿದದ್ದು ನನ್ನ ತಪ್ಪು.

ಆ ಸಂಜೆ ಸಿಂದಗಿಯಲ್ಲಿ ರಿಜಿಸ್ಟರ್ ಬಿಚ್ಚಿ ಎಣಿಸಿದೆ. ಹಾಗೆ ಹೊಡೆದುಹಾಕಿದ ಸಾಲುಗಳು ಇನ್ನೂ ಹದಿನಾಲ್ಕಿದ್ದವು.

ಮರುದಿನ ಬೆಳಿಗ್ಗೆ ಹದಿನಾಲ್ಕು ಕಾಗದಗಳನ್ನು ಕೈಯಲ್ಲೇ ಬರೆದೆ. ಯಾರ ಅನುಮತಿಯನ್ನೂ ಕೇಳದೆ, ಅವುಗಳಲ್ಲಿ ಮೊದಲ ಹೆಸರಿನವರ ಊರಾದ ತಾಂಬಾದ ಬಸ್ ಹತ್ತಿದೆ.