ತಪಸ್ಸುಕಾಲದ ಕೋಳಿ ಸಾರು

ಸ್ನೇಹಿತರೇ, ಈಗಷ್ಟೇ ಕೈ ತೊಳೆದು ಬರೆಯುತ್ತಿದ್ದೇನೆ. ಈಸ್ಟರಿಗೆ ಮುಂಚಿನ ನಲವತ್ತು ದಿನದ ವ್ರತ, ನಮ್ಮ ತಪಸ್ಸುಕಾಲ; ಅದರ ಶುಕ್ರವಾರ ಮಧ್ಯಾಹ್ನವೇ ಕೋಳಿ ಸಾರು ತಿಂದೆ. ಸುಲ್ತಾನರ ಕಾಲದಿಂದ ಪಾಲಹಳ್ಳಿಯಲ್ಲಿರುವ ಕ್ರೈಸ್ತ ಮನೆತನ ನಮ್ಮದು. ಇಂಥ ದಿನ ಮಾಂಸ ಮುಟ್ಟಿದವನು ಬಹುಶಃ ನಾನೇ ಮೊದಲಿಗ.

ಪಕ್ಕದ ಮನೆಯ ಬೋರೇಗೌಡನಿಗೂ ನನಗೂ ಕ್ರಿಸ್‌ಮಸ್ಸಿನಿಂದ ಮಾತಿರಲಿಲ್ಲ. ಹಬ್ಬ ಸೋಮವಾರ ಬಂದಿತ್ತು, ಅದು ಅವನು ಮಾಂಸ ಮುಟ್ಟದ ದಿನ. ನಾನು ಕಳಿಸಿದ ಮಟನ್ ವಾಪಸ್ ಬಂತು, ಇಬ್ಬರೂ ಮುನಿಸಿಕೊಂಡೆವು. ಹೆಂಡತಿ ತೀರಿಹೋದ ಮೇಲೆ ನನಗೆ ಮಾತಿಗೆ ಸಿಗುತ್ತಿದ್ದವನು ಅವನೊಬ್ಬನೇ.

ಇವತ್ತು ಅವನೇ ಪಾತ್ರೆ ಹಿಡಿದು ಬಂದ. "ನಾಟಿ ಕೋಳಿ ಕಣ್ಲಾ ಚೌರಪ್ಪ. ಇಂಗೇ ಮುನಿಸ್ಕೊಂಡು ಸಾಯೋದು ಬ್ಯಾಡ, ಉಣ್ಣು."

ಇವತ್ತು ಶುಕ್ರವಾರ, ತಿನ್ನುವುದಿಲ್ಲ ಎಂದರೆ ಪಾತ್ರೆಯ ಜೊತೆ ಗೌಡನೂ ಹೋಗುತ್ತಾನೆ. ದೇವರಿಗೆ ಕಾಣಿಕೆ ಕೊಡುವ ಮೊದಲು ಮುನಿದವನೊಡನೆ ರಾಜಿ ಎಂದಲ್ಲವೇ ಯೇಸುಸ್ವಾಮಿ ಕಲಿಸಿದ್ದು? ಕಾಲೇಜಿನ ಇಂಗ್ಲಿಷಿನಲ್ಲಿ ಅದು ರಿಕನ್ಸಿಲಿಯೇಷನ್ನೋ ರಿಕಮೆಂಡೇಷನ್ನೋ, ಮರೆತಿದೆ. ಮುದ್ದೆ ಮುರಿದೆ.

ಅರ್ಧ ಊಟದಲ್ಲಿ ಗೌಡನ ಕಣ್ಣು ಗೋಡೆಯ ಚರ್ಚ್ ಕ್ಯಾಲೆಂಡರಿನ ಮೇಲೆ ಬಿತ್ತು. "ಅಯ್ಯೋ, ಇವತ್ತು ನಿಮ್ಮೋರು ತಿನ್ನಾಕಿಲ್ವಲ್ಲಾ! ಯಾಕ್ಲಾ ಏಳ್ನಿಲ್ಲ?"

"ಏಳಿದ್ರೆ ನೀನು ಎದ್ದೋಯ್ತಿದ್ದೆ ಕಣ್ಲಾ."

ಗೌಡ ಕ್ಯಾಲೆಂಡರಿನ ಸೋಮವಾರದತ್ತ ಬೆರಳು ತೋರಿಸಿ ಹೇಳಿದ: "ಸೋಮಾರ ಎಂಗೂ ನಾನು ತಿನ್ನಾಕಿಲ್ಲ. ಅದ್ನ ಇವನ ಲೆಕ್ಕಕ್ಕೆ ಸೇರುಸ್ಕೊಳಿ ಅಂತ ನಿಮ್ ಫಾದರ್‌ಗೆ ಏಳ್ಬುಡು."

ಭಾನುವಾರ ಫಾದರನ್ನು ಕೇಳುತ್ತೇನೆ. ದೇವರಿಗಂತೂ ಇವತ್ತೇ ಕೈ ಮುಗಿದಾಯಿತು. ಉಳಿದ ಸಾರನ್ನು ಮಾತ್ರ ನಾಳೆಯವರೆಗೆ ಮುಟ್ಟುವುದಿಲ್ಲ. ನಿಯಮ ಎಂದರೆ ನಿಯಮ.