ಅಕ್ಕನ ಚಿತ್ರಕ್ಕೆ ಕುಳಿತ ತಂಗಿ

ಅರವತ್ತರ ದಶಕದಲ್ಲಿ ನಾನು ಮೂಡಬಿದಿರೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ಟರ್. ಆದರೆ ನಾರಾವಿ, ಮಡಂತ್ಯಾರಿನ ಕಡೆಯವರಿಗೆ ನಾನು ಗೊತ್ತಿದ್ದುದು ಸತ್ತವರ ಚಿತ್ರ ಬರೆಯುವವನೆಂದು. ಸಾವಾದ ಹದಿಮೂರನೆಯ ದಿನ ಬೊಜ್ಜ, ಅಂದರೆ ಉತ್ತರಕ್ರಿಯೆ; ಅಷ್ಟರೊಳಗೆ ಗೋಡೆಗೊಂದು ಮುಖ ಬೇಕು. ಹೆಚ್ಚಿನವರು ಬದುಕಿದ್ದಾಗ ಫೋಟೋ ತೆಗೆಸಿದವರಲ್ಲ. ಹಾಗಾಗಿ ಹೋಲಿಕೆ ಇರುವ ನೆಂಟರನ್ನೇ ಕರೆತಂದು ನನ್ನೆದುರು ಕೂರಿಸುತ್ತಿದ್ದರು.

"ಮೂಗು ಇವನದ್ದೇ ಮಾಷ್ಟ್ರೇ. ಗಲ್ಲ ಮಾತ್ರ ಅಲ್ಲಿ ನಿಂತಿದ್ದಾಳಲ್ಲ, ಅವಳದ್ದು."

ಅಲ್ಲಿಂದ ಮೂಗು, ಇಲ್ಲಿಂದ ಗಲ್ಲ ಎತ್ತಿಕೊಂಡು, ಕೊನೆಗೆ ತುಟಿಯ ತುದಿಯನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿ, ಕಣ್ಣ ಕೆಳಗೆ ಇದ್ದಿಲ ಪುಡಿಯನ್ನು ಬೆರಳಿನಿಂದ ಸವರುತ್ತಿದ್ದೆ. ಅಷ್ಟು ಮಾಡಿದರೆ ಯಾರೇ ಆದರೂ ಏನೋ ಯೋಚಿಸುತ್ತಿರುವಂತೆ ಕಾಣುತ್ತಿದ್ದರು. ಮನೆಯವರು ಅಳುತ್ತಿದ್ದರು. ಮನುಷ್ಯರ ಮನಸ್ಸನ್ನೇ ಬರೆಯುತ್ತೇನೆಂದು ನನಗೆ ಒಳಗೊಳಗೇ ಜಂಬ.

ಆ ಇದ್ದಿಲನ್ನು ಮಾಡಿಕೊಡುತ್ತಿದ್ದುದು ನನ್ನ ಹೆಂಡತಿ. ಹುಣಸೆಯ ಕಡ್ಡಿಗಳನ್ನು ಡಬ್ಬಿಯಲ್ಲಿ ತುಂಬಿ, ಮುಚ್ಚಳಕ್ಕೆ ಮಣ್ಣು ಮೆತ್ತಿ, ಒಲೆಯ ಕೆಂಡದಲ್ಲಿ ಹೂತಿಡುತ್ತಿದ್ದಳು. ನಾಲ್ಕು ದಿನದ ಜ್ವರದಲ್ಲಿ ಅವಳು ಹೋದಳು. ಅವಳದ್ದೂ ಫೋಟೋ ಇರಲಿಲ್ಲ. ನನಗೆ ಅಳು ಬರಲಿಲ್ಲ, ಏನೂ ಬರಲಿಲ್ಲ. ಬೊಜ್ಜದೊಳಗೆ ಚಿತ್ರವೊಂದು ಸರಿಯಾಗಿ ಬರಲಿ, ಉಳಿದದ್ದೆಲ್ಲ ಆಮೇಲೆ ಎಂದುಕೊಂಡೆ.

ಹತ್ತನೆಯ ದಿನ ಹಾಳೆಯ ಮುಂದೆ ಕುಳಿತೆ. ಹಣೆ ಬಂತು, ಮೂಗು ಬಂತು. ಅವಳು ಬರಲಿಲ್ಲ. ಇದ್ದಿಲ ಗೆರೆ ಅಳಿಸಲು ಇಟ್ಟುಕೊಂಡ ಬನ್ನಿನ ತಿರುಳಿನಿಂದ ಉಜ್ಜಿ ಉಜ್ಜಿ ಕಾಗದವೆಲ್ಲ ಬೂದುಬಣ್ಣಕ್ಕೆ ತಿರುಗಿತು. ಬಂಟ್ವಾಳದಿಂದ ಬಂದಿದ್ದ ಅವಳ ತಂಗಿ ಇದನ್ನು ನೋಡಿ, ಯಾರೂ ಹೇಳದೆಯೇ ನನ್ನೆದುರು ಮಣೆ ಹಾಕಿಕೊಂಡಳು.

"ನಾನು ಕೂತುಕೊಳ್ತೇನೆ ಭಾವ. ನಮ್ಮಿಬ್ಬರದ್ದು ಒಂದೇ ಮುಖ ಅಂತ ಎಲ್ಲರೂ ಹೇಳ್ತಿದ್ದರು."

ಬರೆಯುತ್ತಾ ಕೇಳಿದೆ: "ಒಬ್ಬಳೇ ಸುಮ್ಮನೆ ಕೂತಿದ್ದಾಗ ಅವಳ ಮುಖ ಹೇಗಿರ್ತಿತ್ತು?"

ಅವಳು ನನ್ನನ್ನೇ ನೋಡಿದಳು. "ಹನ್ನೊಂದು ವರ್ಷ ಇದೇ ಮನೆಯಲ್ಲಿ ಇದ್ದಳಲ್ಲ ಭಾವ. ನಾನು ಹೇಗೆ ಹೇಳುವುದು?"

ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ. ಎಲ್ಲರಿಗೂ ಮಾಡುವಂತೆ ತುಟಿಯ ತುದಿಯನ್ನು ಮೇಲಕ್ಕೆತ್ತಿದೆ, ಕಣ್ಣ ಕೆಳಗೆ ಬೆರಳಾಡಿಸಿದೆ.

ಬೊಜ್ಜದ ದಿನ ಬಂದವರೆಲ್ಲ, "ಜೀವ ಉಂಟು ಮಾಷ್ಟ್ರೇ, ಈಗ ಮಾತಾಡ್ತಾಳೆ ಅನ್ನುವ ಹಾಗೆ ಉಂಟು" ಎಂದರು. ಅವಳ ತಾಯಿ ಚಿತ್ರದ ಮುಂದೆ ಎಲೆ ಹಾಕಿ ಬಡಿಸಿ ಬಿಕ್ಕಿದರು. ಚಿತ್ರದ ಮುಂದೆ ನಿಲ್ಲುವ ನನ್ನ ಸರದಿ ಬಂತು. ಯಾರದೋ ಮನೆಯ ಬೊಜ್ಜಕ್ಕೆ ಹೋದವನ ಹಾಗೆ ಕೈ ಮುಗಿದು, ಊಟಕ್ಕೆ ಕುಳಿತೆ.